ಮೊದಲು ಖಾಲಿ ಡಬ್ಬಿಯ ಫೋಟೋ ತೋರಿಸಿ

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಎರಡನೇ ರಿವ್ಯೂಗೆ ಇನ್ನು ಮೂರು ದಿನ ಇತ್ತು. ಪ್ರಾಜೆಕ್ಟಿನ ಪೋಸ್ಟರ್ ಪ್ರಿಂಟ್ ಆಗಿ ಬಂದು ಹಾಸ್ಟೆಲ್ ಮಂಚದ ಕೆಳಗೆ ಸುರುಳಿ ಸುತ್ತಿ ಕೂತಿತ್ತು. ಅದರ ನಡುವೆ ಒಂದು ದೊಡ್ಡ ಚಿತ್ರ: ಕಪ್ಪು ಹಿನ್ನೆಲೆ, ಬಾಡಿದ ವೀಳ್ಯದೆಲೆ, ಎಲೆಯ ಅಂಚಿನುದ್ದಕ್ಕೂ ಹೊಳೆಯುವ ಒಂದು ಗೆರೆ. ನೋಡಿದವರೆಲ್ಲ "ಸೂಪರ್ ಮಗಾ" ಅಂದಿದ್ದರು. ಗೈಡ್ ಮೇಡಂ ಕೂಡ ಖುಷಿಯಾಗಿದ್ದರು. ಆ ಗೆರೆ ಎಲೆಯದ್ದಲ್ಲ, ಎಲೆಯ ಕೆಳಗಿಟ್ಟಿದ್ದ ಸ್ವೀಟ್ ಡಬ್ಬಿಯ ಮುಚ್ಚಳದ್ದು ಅಂತ ನಮಗೆ ಗೊತ್ತಾಗಿದ್ದು ಅವತ್ತು ರಾತ್ರಿ.

ಈ ಕಥೆಯನ್ನ ನಗೋಕೆ ಹೇಳ್ತಿಲ್ಲ (ನಗಬಹುದು, ಪರವಾಗಿಲ್ಲ). ನಮ್ಮ ಕಾಲೇಜಿನಲ್ಲಿ ಕ್ಯಾಮೆರಾ ಹಿಡಿದು ಮಾಡುವ ಪ್ರತಿಯೊಂದು ಪ್ರಾಜೆಕ್ಟಿಗೂ ಒಂದು ನಿಯಮ ಬರಬೇಕು ಅನ್ನೋದು ನನ್ನ ವಾದ: ಚಂದದ ಚಿತ್ರ ತೋರಿಸುವ ಮೊದಲು ಖಾಲಿ ಚಿತ್ರ ತೋರಿಸಬೇಕು. ಅದಕ್ಕೆ ಮಾರ್ಕ್ಸ್ ಇರಬೇಕು. ಅದನ್ನು ತೆಗೆಯೋಕೆ ಸಮಯ ಕೊಡಬೇಕು. ಯಾಕೆ ಅಂತ ಹೇಳಬೇಕಾದರೆ ನಾವು ಏನು ಮಾಡೋಕೆ ಹೊರಟಿದ್ವಿ ಅಂತ ಮೊದಲು ಹೇಳಬೇಕು.

ಹಸಿರು ಎಲೆಯ ಮೇಲೆ ಬೆಳಕು ಬಿಟ್ಟು, ಆಮೇಲೆ ಆರಿಸಿದರೆ, ಎಲೆ ಸ್ವಲ್ಪ ಹೊತ್ತು ತಾನೇ ಬೆಳಕು ಸೂಸುತ್ತದೆ. ತೀರಾ ಮಂದ ಕೆಂಪು ಬೆಳಕು. ದ್ಯುತಿಸಂಶ್ಲೇಷಣೆಯಲ್ಲಿ ಹಿಡಿದಿಟ್ಟ ಶಕ್ತಿಯ ಚಿಕ್ಕದೊಂದು ಪಾಲು ಹಿಂದಕ್ಕೆ ಹರಿದು ಪತ್ರಹರಿತ್ತಿನಿಂದ ಬೆಳಕಾಗಿ ಹೊರಬರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಮೊಬೈಲ್ ಕ್ಯಾಮೆರಾಗೂ ಸಿಗುವುದಿಲ್ಲ. ಆದರೆ ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ಮಂದ ಬೆಳಕಿಗೆಂದೇ ತಯಾರಾದ, ಸೆನ್ಸರ್ ತಣ್ಣಗೆ ಮಾಡುವ ಒಂದು ಸೈಂಟಿಫಿಕ್ ಕ್ಯಾಮೆರಾ ಇದೆ. ಬೀರುವಿನಲ್ಲಿ, ಬೀಗದೊಳಗೆ.

ನಮ್ಮ ನಾಲ್ವರಲ್ಲಿ ಒಬ್ಬನ ಮನೆಯಲ್ಲಿ ಅಡಿಕೆ ತೋಟ. ಮರಕ್ಕೆ ಹಬ್ಬಿದ ವೀಳ್ಯದೆಲೆ ಬಳ್ಳಿಯೂ ಇದೆ. ಮಳೆಗಾಲ ಬಂತೆಂದರೆ ಎಲೆ ಕೊಳೆಯುವ ರೋಗದ ಚಿಂತೆ. ದಸರಾ ರಜೆಯಲ್ಲಿ ಅವರ ಮನೆಗೆ ಹೋದಾಗ ಊಟಕ್ಕೆ ಕೂತು ಪ್ರಾಜೆಕ್ಟಿನ ಬಗ್ಗೆ ಕೊಚ್ಚಿಕೊಂಡೆವು. ಅವನ ಅಪ್ಪ ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದರು: "ಏನ್ರಪ್ಪಾ, ಹಂಗಾದ್ರೆ ಎಲೆ ಕೆಡೋದು ಕಣ್ಣಿಗೆ ಕಾಣೋಕ್ ಮುಂಚೆನೇ ಗೊತ್ತಾಗತ್ತಾ?" ನಾವು "ಟ್ರೈ ಮಾಡ್ತಿದೀವಿ ಅಂಕಲ್" ಅಂದ್ವಿ. ಈ ಮಾತನ್ನ ನೆನಪಿಟ್ಟುಕೊಳ್ಳಿ, ಕೊನೆಗೆ ಮತ್ತೆ ಬರ್ತೀನಿ.

ಹೊಸದಾಗಿ ಕಿತ್ತ ಎಲೆ, ಮೂರು ದಿನ ಬಾಡಿಸಿದ ಎಲೆ, ಎರಡರ ಬೆಳಕನ್ನೂ ಹೋಲಿಸೋದು ನಮ್ಮ ಯೋಜನೆ. ಕ್ಯಾಮೆರಾ ಸಿಕ್ಕಿದ್ದು ಎರಡು ದಿನಕ್ಕೆ. ರಿಜಿಸ್ಟರ್‌ನಲ್ಲಿ ಸಹಿ ಹಾಕಿ, ಅಟೆಂಡರ್ ಅಣ್ಣನ ಹತ್ತಿರ ಬೀಗದಕೈಗೆ ಕಾದು, ಮಧ್ಯಾಹ್ನ 12ಕ್ಕೆ ತೆಗೆದುಕೊಂಡರೆ ಸಂಜೆ 5ಕ್ಕೆ ವಾಪಸ್ ಕೊಡಬೇಕು. ಲೆಕ್ಕ ಹಾಕಿ: ಹತ್ತು ಗಂಟೆ. ಒಂದು ದೊಡ್ಡ ರಟ್ಟಿನ ಡಬ್ಬಿಗೆ ಒಳಗೆಲ್ಲ ಕಪ್ಪು ಚಾರ್ಟ್ ಪೇಪರ್ ಅಂಟಿಸಿ, ಮೇಲೆ ಕಪ್ಪು ಬಟ್ಟೆ ಹೊದಿಸಿದೆವು. ಎಲೆ ಇಡೋಕೆ ಏನಾದರೂ ಬೇಕಲ್ಲ, ಕ್ಯಾಂಟೀನ್‌ನಿಂದ ಒಂದು ಬಿಳಿ ಪ್ಲಾಸ್ಟಿಕ್ ಮುಚ್ಚಳ ತಂದೆವು. ಟಾರ್ಚ್ ಹತ್ತು ಸೆಕೆಂಡ್ ಬಿಟ್ಟು, ಆರಿಸಿ, ಎರಡು ಸೆಕೆಂಡ್ ಕಾದು, 30 ಸೆಕೆಂಡಿನ ಎಕ್ಸ್‌ಪೋಷರ್. ಪರದೆ ಮೇಲೆ ಎಲೆ ಹೊಳೆಯಿತು. ಬಾಡಿದ ಎಲೆ ಇಟ್ಟಾಗ ಅಂಚಿನಲ್ಲಿ ಆ ಗೆರೆ. ಕುಣಿದಾಡಿಬಿಟ್ವಿ.

ಪೋಸ್ಟರ್ ಬಂದ ರಾತ್ರಿ, ಪ್ರಶ್ನೆಗಳಿಗೆ ತಯಾರಿ ಮಾಡ್ತಾ ಇದ್ದಾಗ ತೋಟದ ಮನೆಯ ಗೆಳೆಯ ಕೇಳಿದ: "ಲೋ, ಎಲೆ ಇಡದೇ ಒಂದು ಫೋಟೋ ತೆಗೆದಿದ್ವಲ್ಲ, ಅದು ಎಲ್ಲಿ?" ತೆಗೆದಿದ್ದು ನಿಜ, ಕೈತಪ್ಪಿ. ಎಲೆ ಬದಲಾಯಿಸುವಾಗ ಯಾರೋ ಬಟನ್ ಒತ್ತಿದ್ದರು. ಆ ಫೈಲ್ ತೆರೆದರೆ, ಮುಚ್ಚಳ ಹುಣ್ಣಿಮೆ ಚಂದ್ರನ ಹಾಗೆ ಹೊಳೆಯುತ್ತಿತ್ತು.

ಎಷ್ಟೋ ಬಿಳಿ ಪ್ಲಾಸ್ಟಿಕ್‌ಗಳು, ಬಿಳಿ ಕಾಗದ ಕೂಡ, ಬೆಳಕು ಬಿದ್ದ ಮೇಲೆ ಸ್ವಲ್ಪ ಹೊತ್ತು ಮಂದವಾಗಿ ಹೊಳೆಯುತ್ತವೆ. ಹೊಸ ಎಲೆ ಮುಚ್ಚಳವನ್ನು ಪೂರ್ತಿ ಮುಚ್ಚಿತ್ತು. ಬಾಡಿದ ಎಲೆ ಮುದುರಿ, ಅಂಚಿನಲ್ಲಿ ಮುಚ್ಚಳ ಇಣುಕಿತ್ತು. ಅಷ್ಟೇ. "ಒತ್ತಡಕ್ಕೆ ಸಿಕ್ಕ ಸಸ್ಯದ ಲಕ್ಷಣ" ಅಂತ ನಾವು ಪೋಸ್ಟರ್‌ನಲ್ಲಿ ದಪ್ಪ ಅಕ್ಷರದಲ್ಲಿ ಬರೆದದ್ದು ಮೈಸೂರುಪಾಕ್ ಡಬ್ಬಿಯ ಲಕ್ಷಣ.

ಇಲ್ಲಿಂದ ನನ್ನ ವಾದ ಶುರು. ಈ ತಪ್ಪು ನಮ್ಮ ದಡ್ಡತನದಿಂದ ಆಯ್ತು, ಒಪ್ತೀನಿ. ಆದರೆ ಇಂಥ ಕ್ಯಾಮೆರಾದಲ್ಲಿ ಯಾರು ಬೇಕಾದರೂ ಈ ತಪ್ಪು ಮಾಡಬಹುದು. ಕಾರಣ ಅದು ಕೆಲಸ ಮಾಡುವ ರೀತಿಯಲ್ಲೇ ಇದೆ.

ಮೊದಲನೆಯದು, ಪರದೆ. ನಮ್ಮ ಕ್ಯಾಮೆರಾ ಪ್ರತಿ ಪಿಕ್ಸೆಲ್‌ಗೂ 0ಯಿಂದ 65,535ರವರೆಗಿನ ಒಂದು ಸಂಖ್ಯೆ ಕೊಡುತ್ತದೆ. ಬೆಳಕೇ ಇಲ್ಲದಿದ್ದರೂ 0 ಬರುವುದಿಲ್ಲ. ಸಂಖ್ಯೆ ಋಣಾತ್ಮಕ ಆಗಬಾರದು ಅಂತ ತಯಾರಕರೇ ಒಂದು ಅಡಿಪಾಯ ಇಟ್ಟಿರುತ್ತಾರೆ. ನಮ್ಮದರಲ್ಲಿ ಅದು 100ರ ಆಸುಪಾಸು. ನಮ್ಮ ಎಲೆ ಕೊಟ್ಟದ್ದು 120, 130. ಅಂದರೆ 65 ಸಾವಿರದ ಅಳತೆಪಟ್ಟಿಯಲ್ಲಿ ಇಪ್ಪತ್ತು-ಮೂವತ್ತು ಮೆಟ್ಟಿಲು. ಸಾಫ್ಟ್‌ವೇರ್‌ನಲ್ಲಿ ಆಟೋಸ್ಕೇಲ್ ಆನ್ ಇದ್ದರೆ ಅದು 100ನ್ನು ಕಪ್ಪು, 130ನ್ನು ಬಿಳಿ ಮಾಡಿ ಎಳೆದು ತೋರಿಸುತ್ತದೆ. ಏನೂ ಇಲ್ಲದ ಚಿತ್ರವನ್ನೂ ಹಾಗೇ ಎಳೆಯುತ್ತದೆ. ಹಾಗಾಗಿ ಪರದೆ ಮೇಲೆ ಯಾವಾಗಲೂ ಏನೋ ಒಂದು "ಕಾಣುತ್ತದೆ". ಚಿತ್ರ ನೋಡಿ ನಂಬಬೇಡಿ, ಮೌಸ್ ಇಟ್ಟು ಸಂಖ್ಯೆ ಓದಿ.

ಎರಡನೆಯದು, ಗದ್ದಲ. ಬೆಳಕು ಕಣಕಣವಾಗಿ ಬರುತ್ತದೆ. ಒಂದು ಪಿಕ್ಸೆಲ್‌ನಲ್ಲಿ ಸರಾಸರಿ 100 ಫೋಟಾನ್ ದಾಖಲಾಗುವಂತಿದ್ದರೆ ಸಹಜ ಏರುಪೇರು ಸುಮಾರು 10, ಅದರ ವರ್ಗಮೂಲ. 4 ಫೋಟಾನ್ ಆದರೆ ಏರುಪೇರು 2, ಅಂದರೆ ಅರ್ಧಕ್ಕರ್ಧ. ಇದರ ಮೇಲೆ ಸೆನ್ಸರ್ ಓದುವಾಗ ಸೇರುವ ಗದ್ದಲ ಬೇರೆ. ಒಳ್ಳೆಯ ಸಿಮಾಸ್ ಕ್ಯಾಮೆರಾಗಳಲ್ಲಿ ಅದು ಒಂದೆರಡು ಎಲೆಕ್ಟ್ರಾನ್ ಮಾತ್ರ, ಆದರೆ ಬೆಳಕೇ ನಾಲ್ಕು ಇದ್ದಾಗ ಎರಡು ಕಡಿಮೆಯೇನಲ್ಲ. ಗೇನ್ ಜಾಸ್ತಿ ಮಾಡಿದ್ರೆ ಬೆಳಕು ಜಾಸ್ತಿ ಸಿಗತ್ತೆ ಅಂತ ಸುಮಾರು ಜನ ಅಂದ್ಕೊಂಡಿದಾರೆ. ಸಿಗಲ್ಲ. ಇಎಂಸಿಸಿಡಿ ಥರದ ಕ್ಯಾಮೆರಾದಲ್ಲಿ ಎಲೆಕ್ಟ್ರಾನ್‌ಗಳನ್ನು ಗುಣಿಸಿ ಓದುವ ಗದ್ದಲವನ್ನು ಮೀರಬಹುದು, ನಿಜ. ಆದರೆ ಆ ಗುಣಿಸುವ ಕ್ರಿಯೆಯೇ ಫೋಟಾನ್ ಗದ್ದಲವನ್ನು ಸುಮಾರು 1.4 ಪಟ್ಟು ಹೆಚ್ಚಿಸುತ್ತದೆ. ಪುಕ್ಕಟೆ ಏನೂ ಬರೋದಿಲ್ಲ.

ಮೂರನೆಯದು, ಬಿಸಿ. ಬೆಳಕಿಲ್ಲದಿದ್ದರೂ ಸೆನ್ಸರ್‌ನ ಶಾಖದಿಂದಲೇ ಎಲೆಕ್ಟ್ರಾನ್‌ಗಳು ಹುಟ್ಟುತ್ತವೆ. ಸುಮಾರು 6-7 ಡಿಗ್ರಿ ತಣ್ಣಗಾದಾಗಲೆಲ್ಲ ಇದು ಅರ್ಧಕ್ಕೆ ಇಳಿಯುತ್ತದೆ. 25 ಡಿಗ್ರಿಯಿಂದ ಮೈನಸ್ 20ಕ್ಕೆ ಇಳಿಸಿದರೆ ನೂರರಲ್ಲಿ ಒಂದು ಪಾಲಿನ ಆಸುಪಾಸಿಗೆ ಬರುತ್ತದೆ. ಅದಕ್ಕೇ ಕೂಲರ್. ಆದರೆ ಕೂಲರ್ ಆನ್ ಮಾಡಿದ ತಕ್ಷಣ ಫೋಟೋ ತೆಗೆಯೋಕೆ ಶುರು ಮಾಡಿದರೆ ಮೊದಲ ಚಿತ್ರದ ತಾಪ ಬೇರೆ, ಹತ್ತನೆಯದರ ತಾಪ ಬೇರೆ. ತಾಪ ಹೇಳಿದ ಅಂಕಿಗೆ ಬಂದು ನಿಂತ ಮೇಲೂ ಹದಿನೈದು-ಇಪ್ಪತ್ತು ನಿಮಿಷ ಸುಮ್ಮನೆ ಕಾಯೋದು ಒಳ್ಳೇದು. ನಮ್ಮ ಹತ್ತು ಗಂಟೆಯಲ್ಲಿ ಆ ಇಪ್ಪತ್ತು ನಿಮಿಷವನ್ನೂ ನಾವು ಕಾಯಲಿಲ್ಲ.

ಹಾಗಾದರೆ ಏನು ಮಾಡಬೇಕು? ಮನೆಯಿಂದ ಕ್ಯಾನ್ ತೆಗೆದುಕೊಂಡು ಎಣ್ಣೆ ತರೋಕೆ ಹೋದರೆ ಅಂಗಡಿಯವರು ಮೊದಲು ಏನು ಮಾಡ್ತಾರೆ? ಖಾಲಿ ಕ್ಯಾನ್ ತೂಗಿ ಸೊನ್ನೆ ಮಾಡ್ತಾರೆ. ಮಾಡದೇ ಹೋದ್ರೆ ಜಗಳ ಆಡ್ತೀವಿ. ಕ್ಯಾಮೆರಾ ವಿಷಯದಲ್ಲೂ ಅಷ್ಟೇ. ಆದರೆ ಇಲ್ಲಿ ಖಾಲಿ ಅನ್ನೋದು ಒಂದಲ್ಲ, ಮೂರು ಬಗೆ. ಹೆಸರುಗಳನ್ನು ನಾವೇ ಇಟ್ಟುಕೊಂಡಿದ್ದೇವೆ.

ಮುಚ್ಚಿದ ಖಾಲಿ: ಲೆನ್ಸ್‌ಗೆ ಕ್ಯಾಪ್ ಹಾಕಿ, ಅದೇ ತಾಪದಲ್ಲಿ, ಅದೇ 30 ಸೆಕೆಂಡಿಗೆ ತೆಗೆದ ಚಿತ್ರ. ಇದು ಕ್ಯಾಮೆರಾ ಒಳಗಿನ ಕಥೆ: ಅಡಿಪಾಯದ ಸಂಖ್ಯೆ, ಬಿಸಿ ಪಿಕ್ಸೆಲ್‌ಗಳು, ಕೆಲವು ಸೆನ್ಸರ್‌ಗಳ ಮೂಲೆಯಲ್ಲಿ ಅದರದ್ದೇ ಸರ್ಕ್ಯೂಟಿನಿಂದ ಕಾಣುವ ಹೊಳಪು. ಒಂದು ಸಾಲದು, ಇಪ್ಪತ್ತಾದರೂ ತೆಗೆದು ಸರಾಸರಿ ಮಾಡಬೇಕು. ಒಂದನ್ನೇ ಕಳೆದರೆ ಅದರ ಗದ್ದಲವೂ ನಿಮ್ಮ ಚಿತ್ರಕ್ಕೆ ಸೇರುತ್ತದೆ.

ತೆರೆದ ಖಾಲಿ: ಕ್ಯಾಪ್ ತೆಗೆದು, ಡಬ್ಬಿ ಮುಚ್ಚಿ, ಟಾರ್ಚ್ ಬಿಡದೆ ತೆಗೆದದ್ದು. ಒಮ್ಮೆ ರೂಮಿನ ಲೈಟ್ ಹಾಕಿ, ಒಮ್ಮೆ ಆರಿಸಿ. ಎರಡರ ಸರಾಸರಿಯಲ್ಲಿ ವ್ಯತ್ಯಾಸ ಇದ್ದರೆ ಡಬ್ಬಿ ಸೋರುತ್ತಿದೆ ಅಂತ ಅರ್ಥ. ನಮ್ಮದು ಸೋರುತ್ತಿತ್ತು, ಕೇಬಲ್ ಬರುವ ತೂತಿನಲ್ಲಿ. ಡಬ್ಬಿಯೊಳಗೇ ಇದ್ದ ಯುಎಸ್‌ಬಿ ಹಬ್‌ನ ನೀಲಿ ಎಲ್‌ಇಡಿ ಇನ್ನೊಂದು. ಕಣ್ಣಿಗೆ ಕಾಣದ ಮೂರನೆಯದೂ ಇತ್ತು: ಎಷ್ಟೋ ಕಪ್ಪು ಬಟ್ಟೆಗಳು ನಮ್ಮ ಕಣ್ಣಿಗೆ ಮಾತ್ರ ಕಪ್ಪು. ಸಿಲಿಕಾನ್ ಸೆನ್ಸರ್ ಸುಮಾರು 1,000 ನ್ಯಾನೋಮೀಟರ್‌ವರೆಗಿನ ಅವಕೆಂಪನ್ನೂ ನೋಡುತ್ತದೆ, ಆ ಬೆಳಕಿಗೆ ಬಟ್ಟೆ ಹೆಚ್ಚುಕಡಿಮೆ ಸೊಳ್ಳೆಪರದೆ. ಕಿಟಕಿಯಲ್ಲಿ ಬಿಸಿಲಿದ್ದಾಗ ತೆಗೆದ ನಮ್ಮ ಚಿತ್ರಗಳು ಮೋಡ ಕವಿದಾಗ ತೆಗೆದವಕ್ಕಿಂತ ಬೆಳ್ಳಗಿದ್ದದ್ದು ಅದಕ್ಕೇ.

ಎಲೆಯಿಲ್ಲದ ಖಾಲಿ: ಎಲ್ಲವೂ ನಿಜವಾದ ಪ್ರಯೋಗದ ಹಾಗೆಯೇ. ಟಾರ್ಚ್ ಹತ್ತು ಸೆಕೆಂಡ್, ಎರಡು ಸೆಕೆಂಡ್ ಕಾಯುವುದು, ಮುಚ್ಚಳ, ಅಂಟು, ಚಾರ್ಟ್ ಪೇಪರ್, ಎಲ್ಲ ಇರಬೇಕು. ಎಲೆ ಮಾತ್ರ ಇರಬಾರದು. ನಮ್ಮನ್ನು ಉಳಿಸಿದ್ದು ಈ ಮೂರನೆಯದು. ಮುಚ್ಚಿದ ಖಾಲಿ ತೆಗೆದು "ಡಾರ್ಕ್ ಕಳೆದಿದ್ದೀವಿ ಸರ್" ಅನ್ನುವವರು ಇದ್ದಾರೆ, ಅವರ ಮುಚ್ಚಳ ಹೊಳೆದರೆ ಅದರಿಂದ ಗೊತ್ತಾಗುವುದಿಲ್ಲ.

ಇಷ್ಟಾದ ಮೇಲೆ ಎಲೆ. ಕತ್ತಲಲ್ಲಿ ಫೋಕಸ್ ಮಾಡೋಕೆ ಆಗಲ್ಲ, ಆದ್ದರಿಂದ ಮೊದಲೇ ಮಂದ ಕೆಂಪು ಬೆಳಕಿನಲ್ಲಿ ಒಂದು ಮುದ್ರಿತ ಕಾಗದ ಇಟ್ಟು ಫೋಕಸ್ ಮಾಡಿ ಲೆನ್ಸ್ ಉಂಗುರಕ್ಕೆ ಟೇಪ್ ಸುತ್ತಿ, ಕಾಗದ ತೆಗೆದುಬಿಡಿ. ಫೈಲ್‌ಗಳನ್ನು ಜೆಪೆಗ್ ಆಗಿ ಉಳಿಸಬೇಡಿ, ಅದು ಸಂಖ್ಯೆಗಳನ್ನು ತಿಂದುಬಿಡುತ್ತದೆ. 16 ಬಿಟ್‌ನ ಟಿಫ್ ಅಥವಾ ಖಗೋಳದವರು ಬಳಸುವ ಫಿಟ್ಸ್ ಒಳ್ಳೆಯದು. ಇಮೇಜ್‌ಜೆ ಪುಕ್ಕಟೆ ಸಿಗುತ್ತದೆ, ಕಳೆಯುವುದು ಎರಡು ಕ್ಲಿಕ್‌ನ ಕೆಲಸ.

ಇದರಲ್ಲಿ ಕಷ್ಟದ್ದು ಏನೂ ಇಲ್ಲ. ಮತ್ತೆ ಯಾಕೆ ಯಾರೂ ಮಾಡಲ್ಲ? ಕ್ಯಾಮೆರಾ ಎರಡು ದಿನಕ್ಕೆ ಸಿಗುವುದರಿಂದ. ಯಾರೂ ಕೇಳದೇ ಇರುವುದರಿಂದ. ಹತ್ತು ಗಂಟೆ ಕೊಟ್ಟರೆ ವಿದ್ಯಾರ್ಥಿ ಆ ಹತ್ತು ಗಂಟೆಯಲ್ಲಿ ಪೋಸ್ಟರ್‌ಗೆ ಬೇಕಾದ ಚಿತ್ರ ತೆಗೆಯುತ್ತಾನೆ, ಖಾಲಿ ಡಬ್ಬಿಯ ಫೋಟೋ ತೆಗೆಯುತ್ತಾ ಕೂರುವುದಿಲ್ಲ. ಉಪಕರಣ ಹಾಳಾಗಬಾರದು ಅಂತ ಹಾಕಿದ ಬೀಗವೇ ಫಲಿತಾಂಶವನ್ನು ಹಾಳು ಮಾಡುತ್ತಿದೆ.

ಬೀಗದ ಪರ ಇರುವವರ ಮಾತಿನಲ್ಲೂ ನ್ಯಾಯ ಇದೆ. ಲ್ಯಾಬ್ ಇನ್‌ಚಾರ್ಜ್ ಸರ್ ನನಗೆ ಹೇಳಿದ್ದು: "ಲಕ್ಷಗಟ್ಟಲೆ ಬೆಲೆ ಕಣಯ್ಯಾ. ಹಾಳಾದ್ರೆ ಉತ್ತರ ಹೇಳಬೇಕಾದವನು ನಾನು, ನೀನಲ್ಲ." ಸರಿ. ಆದರೆ ಇದು ಹಾಳಾಗೋದು ಹೇಗೆ ಅಂತ ಪಟ್ಟಿ ಮಾಡಿದರೆ ಒಂದು ಪುಟ ದಾಟುವುದಿಲ್ಲ. ಫ್ಯಾನ್‌ಗೆ ಗಾಳಿ ಆಡದ ಹಾಗೆ ಡಬ್ಬಿಯೊಳಗೆ ತುರುಕಬಾರದು. ತೇವ ಇರುವ ದಿನ ಗಾಜಿನ ಮೇಲೆ ಮಂಜು ಕಟ್ಟಿದರೆ ಒರೆಸಬಾರದು, ಕೂಲರ್ ನಿಲ್ಲಿಸಿ ಕಾಯಬೇಕು. ಸೆನ್ಸರ್ ಮುಂದಿನ ಗಾಜಿಗೆ ಬೆರಳು ತಾಗಿಸಬಾರದು. ಇಎಂಸಿಸಿಡಿ ಆದರೆ ಗೇನ್ ಏರಿಸಿಟ್ಟು ಬೆಳಕಿಗೆ ಒಡ್ಡಬಾರದು, ಗುಣಿಸುವ ಭಾಗ ಬೇಗ ಮುಪ್ಪಾಗುತ್ತದೆ. ಆನ್ ಇರುವಾಗ ಕೇಬಲ್ ಕೀಳಬಾರದು. ಇಷ್ಟನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು ಬೀರುವಿನ ಬಾಗಿಲಿಗೆ ಅಂಟಿಸಿ, ಎರಡು ಗಂಟೆ ತರಬೇತಿ ಕೊಟ್ಟು, ಪಾಸಾದವರಿಗೆ ಒಂದು ವಾರ ಕೊಡಿ ಅನ್ನೋದು ನನ್ನ ಮನವಿ. ಹಾಳೆ ಬರೆಯೋಕೆ ನಾನು ತಯಾರಿದ್ದೇನೆ.

ನಮ್ಮ ಕ್ಲಾಸ್‌ಮೇಟ್‌ಗಳದ್ದು ಬೇರೆ ವಾದ: "ಬಿಡೋ ಮಗಾ, ಎಕ್ಸ್‌ಟರ್ನಲ್ ಎಲ್ಲಿ ಕೇಳ್ತಾರೆ ಇದನ್ನೆಲ್ಲ? ಚಿತ್ರ ಚೆನ್ನಾಗಿದ್ರೆ ಸಾಕು." ಕೇಳಲ್ಲ, ನಿಜ. ಅದಕ್ಕೇ ಕೇಳಬೇಕು ಅಂತಿದೀನಿ.

ಈ ಕೆಲಸ ವೃತ್ತಿಯಾಗಿ ಮಾಡುವವರಿಗೆ ಇದು ದಿನಚರಿ. ಲಡಾಖ್‌ನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿ 2 ಮೀಟರ್‌ನ ಹಿಮಾಲಯನ್ ಚಂದ್ರ ದೂರದರ್ಶಕ ಇದೆ. ಅದನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ನಮ್ಮ ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ, ಭಾರತೀಯ ಖಭೌತ ಸಂಸ್ಥೆಯವರು. ಆಕಾಶ ನೋಡುವ ಯಾವ ವೀಕ್ಷಣಾಲಯದಲ್ಲೇ ಆಗಲಿ, ನಕ್ಷತ್ರದ ಚಿತ್ರದ ಜೊತೆಗೆ ನಕ್ಷತ್ರವೇ ಇಲ್ಲದ ಚಿತ್ರಗಳನ್ನೂ ತೆಗೆದಿಡುತ್ತಾರೆ: ಶಟರ್ ಮುಚ್ಚಿ ಕೆಲವು, ಮುಸ್ಸಂಜೆಯ ಸಮಬೆಳಕಿನ ಆಕಾಶಕ್ಕೆ ಹಿಡಿದು ಕೆಲವು. ಅವಿಲ್ಲದೆ ಅಳತೆ ಪೂರ್ತಿಯಾಗುವುದಿಲ್ಲ.

ಇನ್ನೊಂದು ಉದಾಹರಣೆ ನಮ್ಮ ಎಲೆಯದ್ದೇ. ಎಲೆ ಕತ್ತಲಲ್ಲಿ ಬೆಳಕು ಸೂಸುತ್ತದೆ ಅಂತ ಮೊದಲು ತಿಳಿಸಿದವರು ಅಮೆರಿಕದ ಸ್ಟ್ರೆಹ್ಲರ್ ಮತ್ತು ಅರ್ನಾಲ್ಡ್, 1951ರಲ್ಲಿ. ಅವರು ಹುಡುಕುತ್ತಿದ್ದದ್ದು ಇದನ್ನಲ್ಲ. ಬೆಳಕು ಬಿದ್ದ ಕ್ಲೋರೋಪ್ಲಾಸ್ಟ್ ಎಟಿಪಿ ತಯಾರಿಸುತ್ತದೆಯೇ ಅಂತ ನೋಡೋಕೆ ಮಿಂಚುಹುಳದ ಸಾರ ಬೆರೆಸಿ, ಎಟಿಪಿ ಇದ್ದರೆ ಅದು ಹೊಳೆಯಲಿ ಅಂತ ಕಾಯುತ್ತಿದ್ದರು. ಆದರೆ ಮಿಂಚುಹುಳದ ಸಾರ ಹಾಕದೇ ಇದ್ದಾಗಲೂ ಬೆಳಕು ಬಂತು. ನೋಡಿ, ಅವರು "ಖಾಲಿ"ಯನ್ನು ಅಳೆಯದೇ ಇದ್ದಿದ್ದರೆ ಆ ಬೆಳಕೆಲ್ಲ ಎಟಿಪಿಯದ್ದು ಅಂತ ಬರೆದುಬಿಡುತ್ತಿದ್ದರು. ಅಳೆದಿದ್ದರಿಂದ ಹೊಸದೊಂದು ವಿದ್ಯಮಾನವೇ ಸಿಕ್ಕಿತು. ಅವರಿಗೆ ಖಾಲಿಯಲ್ಲಿ ಶೋಧ ಸಿಕ್ಕಿತು, ನಮಗೆ ಮುಚ್ಚಳ ಸಿಕ್ಕಿತು. ಎರಡೂ ಸಿಗೋದು ನೋಡಿದರೆ ಮಾತ್ರ.

ಹಾಗಾಗಿ ನನ್ನ ಬೇಡಿಕೆ ಮೂರೇ. ಒಂದು, ಕ್ಯಾಮೆರಾ ಬಳಸಿದ ಪ್ರತಿ ಪ್ರಾಜೆಕ್ಟ್ ವರದಿಯಲ್ಲೂ ಫಲಿತಾಂಶದ ಚಿತ್ರದ ಪಕ್ಕದಲ್ಲೇ, ಅದೇ ಅಳತೆಪಟ್ಟಿಯಲ್ಲಿ, ಖಾಲಿ ಚಿತ್ರ ಇರಬೇಕು. ಎರಡು, ಮೊದಲ ರಿವ್ಯೂ ಅನ್ನೋದು ಖಾಲಿ ಚಿತ್ರಗಳದ್ದೇ ಆಗಲಿ. ಎಲೆ, ನಕ್ಷತ್ರ, ಜೀವಕೋಶ ಯಾವುದೂ ಬೇಡ, ನಿಮ್ಮ ಕತ್ತಲನ್ನು ತೋರಿಸಿ. 25 ಮಾರ್ಕ್ಸಿನಲ್ಲಿ 10 ಅದಕ್ಕೇ ಇಡಿ. ಮೂರು, ಬೀರುವಿನ ಬೀಗ ಇರಲಿ, ಆದರೆ ತರಬೇತಿ ಪಡೆದವರಿಗೆ ವಾರಗಟ್ಟಲೆ ಸಮಯ ಸಿಗಲಿ.

ನಮ್ಮ ರಿವ್ಯೂ ಏನಾಯ್ತು ಅಂತ ಕೇಳ್ತೀರಾ? ಪೋಸ್ಟರ್‌ನ ದಪ್ಪ ಅಕ್ಷರದ ಮೇಲೆ ಬಿಳಿ ಕಾಗದ ಅಂಟಿಸಿ, ಪಕ್ಕದಲ್ಲಿ ಮುಚ್ಚಳದ ಫೋಟೋ ಹಾಕಿಕೊಂಡು ಹೋದೆವು. ಮೇಡಂಗೆ ಹಿಂದಿನ ದಿನವೇ ಹೇಳಿದ್ವಿ. ಒಂದು ನಿಮಿಷ ಸುಮ್ಮನಿದ್ದು, "ಒಳ್ಳೇದಾಯ್ತು, ಈಗ ಗೊತ್ತಾಯ್ತಲ್ಲ" ಅಂದ್ರು. ಪ್ಯಾನೆಲ್‌ನಲ್ಲಿ ಒಬ್ಬರು ನಕ್ಕರು, ಒಬ್ಬರು ಮಾರ್ಕ್ಸ್ ಕಡಿಮೆ ಕೊಟ್ಟರು. ಆಮೇಲೆ ಮೇಡಂ ಸಹಿ ಹಾಕಿಸಿ ಕೊಡಿಸಿದ ನಾಲ್ಕು ದಿನದಲ್ಲಿ, ಕಪ್ಪು ಚಾರ್ಟ್ ಪೇಪರ್ ಮೇಲೆ ಎಲೆ ಇಟ್ಟು ಮತ್ತೆ ತೆಗೆದೆವು. ಹೊಸ ಎಲೆಯ ಬೆಳಕು ಬಾಡಿದ್ದಕ್ಕಿಂತ ಸ್ವಲ್ಪ ಹೆಚ್ಚು ಬಂತು. ಆದರೆ ಎಲೆಯಿಂದ ಎಲೆಗೆ ಇದ್ದ ವ್ಯತ್ಯಾಸವೂ ಅಷ್ಟೇ ಇತ್ತು. "ಇಷ್ಟು ಎಲೆಗಳಿಂದ ಏನೂ ಹೇಳಲಾಗದು" ಅಂತ ವರದಿಯ ಕೊನೆಯಲ್ಲಿ ಬರೆದೆವು.

ಅವತ್ತು ಸಂಜೆ ತೋಟದ ಗೆಳೆಯ ಮನೆಗೆ ಫೋನ್ ಮಾಡಿದ. ಪೋಸ್ಟರ್‌ನ ಚಿತ್ರವನ್ನು ಅವನು ಆಗಲೇ ಅಪ್ಪನಿಗೆ ವಾಟ್ಸಾಪ್‌ನಲ್ಲಿ ಕಳಿಸಿದ್ದ. ಅವರು ಅದನ್ನು ಪಕ್ಕದ ತೋಟದವರಿಗೂ ತೋರಿಸಿ, ಅಂಚು ಹೊಳೆದರೆ ಎಲೆ ಕೆಡುತ್ತದಂತೆ ಅಂತ ಹೇಳಿಯೂ ಆಗಿತ್ತು. "ಅಪ್ಪಾ, ಅದು ತಪ್ಪು. ಅದು ಡಬ್ಬಿ ಮುಚ್ಚಳ" ಅಂತ ಅವನು ಹೇಳೋದನ್ನ ನಾವು ಪಕ್ಕದಲ್ಲಿ ಕೂತು ಕೇಳಿಸಿಕೊಂಡೆವು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಆಗ್ಲಿ ಬಿಡು. ನಾಳೆ ಅವರಿಗೂ ಹೇಳ್ತೀನಿ" ಅಂದ್ರಂತೆ.

ಮಾರ್ಕ್ಸ್ ಕಡಿಮೆ ಬಂದದ್ದಕ್ಕಿಂತ ಆ ಫೋನ್ ಕಾಲ್ ನನಗೆ ಹೆಚ್ಚು ನೆನಪಿದೆ. ಮುಂದಿನ ಬ್ಯಾಚಿನವರೇ, ನೀವು ಆ ಕಾಲ್ ಮಾಡಬೇಕಾದ ಪರಿಸ್ಥಿತಿ ಬರದಿರಲಿ. ಬೀಗದಕೈ ಸಿಕ್ಕ ದಿನ ಮೊದಲು ಖಾಲಿ ಡಬ್ಬಿಯ ಫೋಟೋ ತೆಗೆಯಿರಿ.